ಎರಡನೆಯ ದಾರಿಯ ಅವಲಂಬನೆಗಳು: ದೂರದ ಸರ್ವರುಗಳ ನಿರ್ವಹಣೆ ಕುರಿತು ಒಂದು ಟಿಪ್ಪಣಿ

ದೂರದ ಡೇಟಾ ಸೆಂಟರಿನಲ್ಲಿರುವ ಸರ್ವರನ್ನು ಅದರ ಹತ್ತಿರ ಸುಳಿಯದೆಯೇ ನೋಡಿಕೊಳ್ಳಬೇಕಾದವರಿಗೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಸರ್ವರು ಗ್ರಾಹಕರಿಗೆ ಸೇವೆ ಕೊಡುವ ಜಾಲದ ಮೂಲಕವೇ ಲಾಗಿನ್ ಆಗುವುದು ಒಂದು. ಆ ಜಾಲ ಕೆಟ್ಟಿದ್ದರೂ, ಆಪರೇಟಿಂಗ್ ಸಿಸ್ಟಂ ಎದ್ದೇಳದೆ ಬಿದ್ದಿದ್ದರೂ ಯಂತ್ರವನ್ನು ಮುಟ್ಟಲು ಬೇರೆಯಾಗಿ ಮಾಡಿಟ್ಟುಕೊಂಡದ್ದು ಇನ್ನೊಂದು. ವೃತ್ತಿಯವರ ಮಾತಿನಲ್ಲಿ ಇದು ‘ಔಟ್ ಆಫ್ ಬ್ಯಾಂಡ್’. ದಿನನಿತ್ಯದ ಕೆಲಸವೆಲ್ಲ ಮೊದಲನೆಯದರಲ್ಲೇ ಸಾಗುತ್ತದೆ. ಎರಡನೆಯದರ ನೆನಪಾಗುವುದು ಆಪತ್ತಿನಲ್ಲಿ. ಆ ಹೊತ್ತಿಗೆ ಅದು ನಿಜಕ್ಕೂ ಬೇರೆಯಾಗಿ ಉಳಿದಿರುತ್ತದೆಯೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಇದಕ್ಕಾಗಿ 2019ರಿಂದ 2024ರ ನಡುವಿನ ನಾಲ್ಕು ದೊಡ್ಡ ಸ್ಥಗಿತಗಳ ಬಗ್ಗೆ ಬಹಿರಂಗವಾಗಿರುವ ವಿವರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದ್ದೇನೆ. ನನ್ನ ವಾದ ಇಷ್ಟು. ಎರಡನೆಯ ದಾರಿ ಎಂಬುದು ಒಂದು ಕೇಬಲ್ ಅಲ್ಲ. ಹಲವು ಪದರಗಳ ರಚನೆ. ಅದರಲ್ಲಿ ವಿದ್ಯುತ್ತಿದೆ, ತಂತಿಯಿದೆ, ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಇದೆ, ಲಾಗಿನ್ ಆದವರು ಯಾರೆಂದು ಪರೀಕ್ಷಿಸುವ ವ್ಯವಸ್ಥೆಯಿದೆ, ಪಾಸ್‌ವರ್ಡು ಮತ್ತು ಕೀಲಿಗಳನ್ನಿಟ್ಟ ಜಾಗವಿದೆ, ಕೊನೆಗೆ ಇದನ್ನೆಲ್ಲ ಬಳಸಬೇಕಾದ ಮನುಷ್ಯನ ಕೈಯ ಫೋನೂ ಇದೆ. ಇವುಗಳಲ್ಲಿ ಯಾವುದಾದರೊಂದು ಮೊದಲನೆಯ ದಾರಿಯನ್ನೇ ನೆಚ್ಚಿಕೊಂಡಿದ್ದರೆ ಉಳಿದವುಗಳ ಸ್ವಾತಂತ್ರ್ಯದಿಂದ ಪ್ರಯೋಜನವಿಲ್ಲ. ನಾನು ನೋಡಿದ ನಾಲ್ಕೂ ಪ್ರಕರಣಗಳಲ್ಲಿ ಇಂಥ ನೆಚ್ಚಿಕೆ ಇತ್ತು. ಪದರ ಮಾತ್ರ ಒಂದೊಂದರಲ್ಲಿ ಒಂದೊಂದು.

ಈ ಪ್ರಶ್ನೆ ಬೆಂಗಳೂರಿಗೆ ಹೊರಗಿನದೇನೂ ಅಲ್ಲ. 1989ರಲ್ಲಿ ಇಲ್ಲಿ ಆರಂಭವಾದ ಮೈಕ್ರೋಲ್ಯಾಂಡ್‌ನಂಥ ಕಂಪನಿಯಿಂದ ಹಿಡಿದು ದೊಡ್ಡ ಐಟಿ ಸಂಸ್ಥೆಗಳವರೆಗೆ ಹಲವರು ಪರದೇಶಗಳ ಸರ್ವರುಗಳನ್ನು ಇಲ್ಲಿ ಕುಳಿತು ನೋಡಿಕೊಳ್ಳುವ ಕೆಲಸ ಹಿಡಿದಿದ್ದಾರೆ. ‘ರಿಮೋಟ್ ಇನ್‌ಫ್ರಾಸ್ಟ್ರಕ್ಚರ್ ಮ್ಯಾನೇಜ್‌ಮೆಂಟ್’ ಎಂಬ ಉದ್ದ ಹೆಸರಿನ ಈ ಉದ್ಯೋಗದಲ್ಲಿರುವ ಎಷ್ಟೋ ಜನ ತಾವು ಕಾಯುವ ಯಂತ್ರವನ್ನು ಕಣ್ಣಾರೆ ಕಂಡವರಲ್ಲ. ಹತ್ತಿರ ಹೋಗಿ ಸ್ವಿಚ್ ಒತ್ತುವ ಆಯ್ಕೆ ಇಲ್ಲದವರಿಗೆ ಎರಡನೆಯ ದಾರಿಯೇ ಕೊನೆಯ ದಾರಿ.

ಹಿನ್ನೆಲೆ

ದೂರದಿಂದ ಕಂಪ್ಯೂಟರ್ ನಡೆಸುವ ಯತ್ನ ಇಂಟರ್‌ನೆಟ್ಟಿಗಿಂತ ಹಳೆಯದು. 1940ರ ಸೆಪ್ಟೆಂಬರ್ 11ರಂದು ಬೆಲ್ ಲ್ಯಾಬ್ಸ್‌ನ ಜಾರ್ಜ್ ಸ್ಟಿಬಿಟ್ಜ್ ಅವರು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರಿದ್ದ ಗಣಿತಜ್ಞರ ಮುಂದೆ ಒಂದು ಟೆಲಿಟೈಪ್ ಯಂತ್ರವಿಟ್ಟರು. ಅದರಲ್ಲಿ ಲೆಕ್ಕ ಟೈಪ್ ಮಾಡಿದರೆ ನ್ಯೂಯಾರ್ಕಿನಲ್ಲಿದ್ದ, ರಿಲೇಗಳಿಂದ ಕಟ್ಟಿದ ಗಣಕ ಉತ್ತರ ಕಳಿಸುತ್ತಿತ್ತು. ಅದಾಗಿ ಮೂರು ದಶಕ ಕಳೆಯುವ ಹೊತ್ತಿಗೆ ಅರ್ಪಾನೆಟ್ ಬಂತು. 1969ರ ಆರ್‌ಎಫ್‌ಸಿ 15ರಲ್ಲಿ ಟೆಲ್‌ನೆಟ್‌ನ ಮೊದಲ ರೂಪ ಕಾಣಿಸಿತು. 1983ರ ಆರ್‌ಎಫ್‌ಸಿ 854 ಅದನ್ನು ಮಾನಕವಾಗಿಸಿತು. ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಬರಿಮೈಯಲ್ಲೇ ಓಡಾಡುತ್ತಿತ್ತು. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆ ಪಾಸ್‌ವರ್ಡುಗಳನ್ನು ಕದ್ದ ಮೇಲೆ ಅಲ್ಲಿನ ಟಾಟು ಯುಲೊನೆನ್ 1995ರಲ್ಲಿ, ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ ಪೋರ್ಟ್ 21ಕ್ಕೂ ಟೆಲ್‌ನೆಟ್‌ನ 23ಕ್ಕೂ ನಡುವೆ ಖಾಲಿ ಇದ್ದ 22ನ್ನು ಅದಕ್ಕೆ ಕೇಳಿ ಪಡೆದರು. ಇಂದಿಗೂ ಲಿನಕ್ಸ್ ಸರ್ವರುಗಳ ಮುಂಬಾಗಿಲು ಇದೇ.

ದೂರಕ್ಕೆ ತೆರಬೇಕಾದ ಒಂದು ಸುಂಕವನ್ನು ಇಲ್ಲೇ ಹೇಳಿಬಿಡಬಹುದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಅಮೆರಿಕದ ವರ್ಜೀನಿಯಾಕ್ಕೆ ಭೂಗೋಳದ ಮೇಲೆ ನೇರ ಗೆರೆ ಎಳೆದರೆ ಸುಮಾರು 13,700 ಕಿ.ಮೀ. ಹೋಗಿ ಬರಲು ಬೆಳಕಿಗೇ 137 ಮಿಲಿಸೆಕೆಂಡು ಬೇಕು. ಸಮುದ್ರದಡಿಯ ಕೇಬಲ್ಲುಗಳು ನೇರ ಗೆರೆಯಲ್ಲಿ ಹೋಗುವುದಿಲ್ಲವಾದ್ದರಿಂದ ಅದು 200 ದಾಟುವುದು ಮಾಮೂಲು. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವಲ್ಲಿ ಈ ತಡ ಕೈಗೆ ತಿಳಿಯುತ್ತದೆ. 2012ರಲ್ಲಿ ಎಂಐಟಿಯ ಕೀತ್ ವಿನ್‌ಸ್ಟೈನ್ ಮತ್ತು ಹರಿ ಬಾಲಕೃಷ್ಣನ್ ಪ್ರಕಟಿಸಿದ ‘ಮಾಷ್’ ಎಂಬ ಸಾಧನ ಇದಕ್ಕೊಂದು ಜಾಣ ಉಪಾಯ ಹೂಡಿತು: ದೂರದ ಯಂತ್ರ ಏನು ತೋರಿಸಬಹುದೆಂದು ಹತ್ತಿರದ ಯಂತ್ರವೇ ಊಹಿಸಿ ತೋರಿಸುವುದು, ಖಚಿತವಾಗದ ಅಕ್ಷರಕ್ಕೆ ಅಡಿಗೆರೆ ಎಳೆಯುವುದು. ತಡ ಕಿರಿಕಿರಿ ನಿಜ, ಆದರೆ ಅದರಿಂದ ಯಾವ ಸರ್ವರೂ ಕೈತಪ್ಪಿ ಹೋಗುವುದಿಲ್ಲ. ಕೈತಪ್ಪುವುದು ಬೇರೆ ಕಾರಣಗಳಿಂದ.

ಎಸ್‌ಎಸ್‌ಎಚ್ ಕೆಲಸ ಮಾಡಬೇಕಾದರೆ ಆ ಕಡೆ ಆಪರೇಟಿಂಗ್ ಸಿಸ್ಟಂ ಬದುಕಿರಬೇಕು, ನೆಟ್‌ವರ್ಕ್ ಕಾರ್ಡಿಗೆ ವಿಳಾಸವಿರಬೇಕು, ಫೈರ್‌ವಾಲ್ ಒಳಬಿಡಬೇಕು. ಈ ಮೂರನ್ನೂ ಬದಲಿಸುವ ಅಧಿಕಾರ ಒಳಗೆ ಲಾಗಿನ್ ಆಗಿರುವವನ ಕೈಯಲ್ಲೇ ಇರುತ್ತದೆ. ಫೈರ್‌ವಾಲಿಗೆ ಒಂದು ನಿಯಮ ತಪ್ಪಾಗಿ ಬರೆದು ಎಂಟರ್ ಒತ್ತಿದರೆ ಕೂತ ಕೊಂಬೆಯನ್ನೇ ಕಡಿದಂತೆ. ಪರದೆ ಹಾಗೇ ನಿಂತುಬಿಡುತ್ತದೆ, ತಪ್ಪು ತಿದ್ದಲು ಹೋಗುವ ದಾರಿಯೂ ಅದೇ ತಪ್ಪಿನಲ್ಲಿ ಮುಚ್ಚಿರುತ್ತದೆ. ಜೂನಿಪರ್ ಕಂಪನಿಯ ರೂಟರುಗಳಲ್ಲಿ ‘ಕಮಿಟ್ ಕನ್ಫರ್ಮ್ಡ್’ ಎಂಬ ಆಜ್ಞೆ ಇರುವುದು ಇದಕ್ಕಾಗಿಯೇ. ಮಾಡಿದ ಬದಲಾವಣೆಯನ್ನು ಹತ್ತು ನಿಮಿಷದೊಳಗೆ ಇನ್ನೊಮ್ಮೆ ಖಚಿತಪಡಿಸದಿದ್ದರೆ ರೂಟರ್ ತಾನಾಗಿಯೇ ಹಳೆಯ ಸ್ಥಿತಿಗೆ ಮರಳುತ್ತದೆ. ಸಂಪರ್ಕ ಕಡಿದುಕೊಂಡವನು ಖಚಿತಪಡಿಸಲಾರ. ಅವನ ಮೌನವನ್ನೇ ರೂಟರ್ ಉತ್ತರವೆಂದು ತಿಳಿಯುತ್ತದೆ. ನನ್ನ ಮಟ್ಟಿಗೆ ದೂರದ ನಿರ್ವಹಣೆಯಲ್ಲಿ ಇದಕ್ಕಿಂತ ಅಗ್ಗವೂ ಚೊಕ್ಕಟವೂ ಆದ ರಕ್ಷಣೆ ಇನ್ನೊಂದಿಲ್ಲ.

ಯಂತ್ರದೊಳಗಿನ ಸಣ್ಣ ಯಂತ್ರ

ಎರಡನೆಯ ದಾರಿಯ ಹಳೆಯ ರೂಪ ಸೀರಿಯಲ್ ಕನ್ಸೋಲ್. ಸರ್ವರಿನ ಹಿಂಬದಿಯ ಸೀರಿಯಲ್ ಪೋರ್ಟಿನಿಂದ ಒಂದು ತಂತಿ ರ‍್ಯಾಕಿನಲ್ಲಿರುವ ಕನ್ಸೋಲ್ ಸರ್ವರಿಗೆ ಹೋಗುತ್ತಿತ್ತು. ಅದಕ್ಕೆ ಮೋಡೆಮ್, ಮೋಡೆಮ್ಮಿಗೆ ಸಾದಾ ಟೆಲಿಫೋನ್ ಲೈನು. ಇಂಟರ್‌ನೆಟ್ ಬಿದ್ದರೂ ಫೋನ್ ಡಯಲ್ ಮಾಡಿ ಒಳಹೋಗಬಹುದಿತ್ತು. ನಿಧಾನದ್ದೇ, ಆದರೆ ಪ್ರತ್ಯೇಕತೆಯ ವಿಷಯದಲ್ಲಿ ಇದಕ್ಕೆ ಇಂದಿನ ಹಲವು ಏರ್ಪಾಡುಗಳು ಸಾಟಿಯಲ್ಲ. ಟೆಲಿಫೋನ್ ಕಂಪನಿಯ ತಾಮ್ರದ ತಂತಿಗೂ ಡೇಟಾ ಸೆಂಟರಿನ ಜಾಲಕ್ಕೂ ಆ ಕಾಲದಲ್ಲಿ ನಂಟೇ ಇರಲಿಲ್ಲ. ಈಗ ಫೋನಿನ ಮಾತೂ ಇಂಟರ್‌ನೆಟ್ಟಿನ ಪ್ಯಾಕೆಟ್ಟುಗಳೂ ಬಹುತೇಕ ಒಂದೇ ಬೆನ್ನೆಲುಬಿನ ಮೇಲೆ ಹರಿಯುತ್ತವೆ. ಇದರ ಪರಿಣಾಮ ಮುಂದೆ ಬರುವ ಕೆನಡಾದ ಪ್ರಕರಣದಲ್ಲಿ ಕಾಣುತ್ತದೆ.

ಇಂದಿನ ರೂಪ ಬಿಎಂಸಿ. ಸರ್ವರಿನ ಮದರ್‌ಬೋರ್ಡ್ ಮೇಲೆ ಕೂತಿರುವ ಇದು ಪ್ರತ್ಯೇಕವಾದ ಪುಟ್ಟ ಕಂಪ್ಯೂಟರ್. ಇದಕ್ಕೆ ತನ್ನದೇ ಪ್ರೊಸೆಸರ್, ಮೆಮೊರಿ, ಫರ್ಮ್‌ವೇರ್, ಸಾಮಾನ್ಯವಾಗಿ ತನ್ನದೇ ಈಥರ್‌ನೆಟ್ ಪೋರ್ಟ್ ಕೂಡ ಇರುತ್ತದೆ. ಮುಖ್ಯ ಯಂತ್ರ ಆರಿಸಿದ್ದರೂ ಪ್ಲಗ್ಗಿನಲ್ಲಿ ಕರೆಂಟಿದ್ದರೆ ಸಾಕು, ಸ್ಟ್ಯಾಂಡ್‌ಬೈ ವಿದ್ಯುತ್ತಿನಲ್ಲಿ ಇದು ಎಚ್ಚರವಾಗಿರುತ್ತದೆ. ದೂರದಿಂದ ಇದರೊಳಗೆ ಹೋದವನು ಸರ್ವರನ್ನು ಆರಿಸಬಹುದು, ಹಚ್ಚಬಹುದು, ಬಯೋಸ್ ಪರದೆ ನೋಡಬಹುದು, ತನ್ನ ಲ್ಯಾಪ್‌ಟಾಪಿನಲ್ಲಿರುವ ಐಎಸ್‌ಒ ಫೈಲನ್ನು ಅಲ್ಲಿನ ಡಿವಿಡಿ ಎಂಬಂತೆ ತೋರಿಸಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕಬಹುದು. ಡೆಲ್ ಇದನ್ನು ಐಡ್ರಾಕ್ ಎನ್ನುತ್ತದೆ, ಎಚ್‌ಪಿಇ ಐಲೊ ಎನ್ನುತ್ತದೆ. ಎಲ್ಲ ಕಂಪನಿಗಳ ಯಂತ್ರಗಳೂ ಒಂದೇ ಭಾಷೆಯಲ್ಲಿ ಮಾತಾಡಲೆಂದು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ 1998ರಲ್ಲಿ ಐಪಿಎಂಐ ಎಂಬ ಮಾನಕ ತಂದವು. ಅದರ ಎರಡನೆಯ ಆವೃತ್ತಿ 2004ರದು. ಈಚಿನ ಉತ್ತರಾಧಿಕಾರಿ 2015ರಲ್ಲಿ ಬಂದ ರೆಡ್‌ಫಿಶ್.

ಇದರ ಒಂದು ಸಣ್ಣ ಸೌಲಭ್ಯದ ಮೇಲೆ ನನಗೆ ವಿಶೇಷ ಪ್ರೀತಿ. ಸಾವಿರಾರು ಸರ್ವರುಗಳ ಸಾಲಿನಲ್ಲಿ ಒಂದರ ಡಿಸ್ಕ್ ಬದಲಿಸಬೇಕಾದಾಗ ದೂರದ ಅಡ್ಮಿನ್ ಆ ಸರ್ವರಿನ ಮುಖದ ಮೇಲಿನ ಗುರುತಿನ ದೀಪವನ್ನು, ಬಹುಪಾಲು ನೀಲಿ, ಇಲ್ಲಿಂದಲೇ ಹೊತ್ತಿಸುತ್ತಾನೆ. ದೂರದವರ ಪರವಾಗಿ ಕೈಕೆಲಸ ಮಾಡುವ ಅಲ್ಲಿನ ‘ರಿಮೋಟ್ ಹ್ಯಾಂಡ್ಸ್’ ಹುಡುಗ ಮಿನುಗುವ ದೀಪ ಹುಡುಕಿ ಕೈಹಾಕುತ್ತಾನೆ. ಇದಿಲ್ಲದಿದ್ದರೆ ಪಕ್ಕದ ಆರೋಗ್ಯವಂತ ಸರ್ವರಿನ ಡಿಸ್ಕ್ ಹೊರಬರುವ ಸಾಧ್ಯತೆ ಕಡಿಮೆಯೇನಲ್ಲ.

ಬಿಎಂಸಿಯ ಪೋರ್ಟ್ ಬೇರೆ ಎಂದೆ. ಆದರೆ ಪ್ರತಿ ಸರ್ವರಿಗೂ ಇನ್ನೊಂದು ಕೇಬಲ್, ಸ್ವಿಚ್ಚಿನಲ್ಲಿ ಇನ್ನೊಂದು ಪೋರ್ಟ್ ಎಂದರೆ ಖರ್ಚು. ಆದ್ದರಿಂದ ಮುಖ್ಯ ನೆಟ್‌ವರ್ಕ್ ಕಾರ್ಡನ್ನೇ ಬಿಎಂಸಿಯೂ ಹಂಚಿಕೊಳ್ಳುವ ಏರ್ಪಾಡು ಅನೇಕ ಸರ್ವರುಗಳಲ್ಲಿದೆ. ಕೆಲವು ಮಾದರಿಗಳಲ್ಲಂತೂ ಪ್ರತ್ಯೇಕ ಪೋರ್ಟಿಗೆ ಕೇಬಲ್ ಸಿಕ್ಕಿಸದಿದ್ದರೆ ಬಿಎಂಸಿ ತಾನಾಗಿಯೇ ಹಂಚಿಕೆಯ ಪೋರ್ಟಿಗೆ ಜಾರಿಕೊಳ್ಳುತ್ತದೆ. ಹೀಗೆ ಒಂದು ಕೇಬಲ್ ಉಳಿಸಲು ಹೋಗಿ ಎರಡು ದಾರಿಗಳು ಸದ್ದಿಲ್ಲದೆ ಒಂದಾಗುತ್ತವೆ. ನಕ್ಷೆಯಲ್ಲಿ ಮಾತ್ರ ಎರಡು ಗೆರೆ ಉಳಿದಿರುತ್ತವೆ.

ನಾಲ್ಕು ಪ್ರಕರಣಗಳು

2021ರ ಅಕ್ಟೋಬರ್ 4, ಭಾರತದಲ್ಲಿ ರಾತ್ರಿ ಒಂಬತ್ತು ದಾಟಿತ್ತು. ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತವು. ಮತ್ತೆ ಏಳಲು ಸುಮಾರು ಆರು ಗಂಟೆ ಹಿಡಿಯಿತು. ಮರುದಿನ ಇವುಗಳ ಒಡೆಯ ಫೇಸ್‌ಬುಕ್ ಕಂಪನಿಯ ಮೂಲಸೌಕರ್ಯ ವಿಭಾಗದ ಉಪಾಧ್ಯಕ್ಷ ಸಂತೋಷ್ ಜನಾರ್ದನ್ ಬರೆದ ವಿವರಣೆ ಇಂಥ ಬರಹಗಳಲ್ಲಿ ಅಪರೂಪದಷ್ಟು ಬಿಚ್ಚುಮನಸ್ಸಿನದು. ಜಗತ್ತಿನಾದ್ಯಂತದ ತನ್ನ ಡೇಟಾ ಸೆಂಟರುಗಳನ್ನು ಜೋಡಿಸುವ ಬೆನ್ನೆಲುಬಿನ ಜಾಲದಲ್ಲಿ ಎಷ್ಟು ಸಾಮರ್ಥ್ಯ ಲಭ್ಯವಿದೆಯೆಂದು ಅಳೆಯಲು ಹೊರಟ ಒಂದು ಆಜ್ಞೆ ಆ ಜಾಲವನ್ನೇ ಪೂರ್ತಿ ಕೆಡವಿತು. ಇಂಥ ಆಜ್ಞೆಗಳನ್ನು ತಡೆಯಬೇಕಿದ್ದ ಪರೀಕ್ಷಕ ಸಾಫ್ಟ್‌ವೇರಿನಲ್ಲಿ ದೋಷವಿತ್ತು. ಎರಡನೆಯ ಏಟು ಬಿದ್ದದ್ದು ಆಮೇಲೆ. ಕಂಪನಿಯ ಡಿಎನ್‌ಎಸ್ ಸರ್ವರುಗಳು ಡೇಟಾ ಸೆಂಟರನ್ನು ಮಾತಾಡಿಸಲು ಆಗದಿದ್ದರೆ ತಮ್ಮಲ್ಲೇ ಏನೋ ಕೆಟ್ಟಿದೆಯೆಂದು ಭಾವಿಸಿ ಇಂಟರ್‌ನೆಟ್ಟಿನಿಂದ ತಮ್ಮ ವಿಳಾಸ ಹಿಂತೆಗೆದುಕೊಳ್ಳುವಂತೆ ಮಾಡಲಾಗಿತ್ತು. ಒಂದು ಕೇಂದ್ರ ಕೆಟ್ಟಾಗ ಇದು ಸರಿಯಾದ ನಡೆ. ಎಲ್ಲ ಕೇಂದ್ರಗಳೂ ಒಟ್ಟಿಗೆ ಕಾಣೆಯಾದಾಗ ಎಲ್ಲ ಡಿಎನ್‌ಎಸ್ ಸರ್ವರುಗಳೂ ಒಟ್ಟಿಗೆ ಮರೆಯಾದವು. ಕೆಟ್ಟದ್ದನ್ನು ಹುಡುಕಲು ಎಂಜಿನಿಯರುಗಳು ಬಳಸುವ ಒಳಗಿನ ಸಾಧನಗಳಿಗೂ ಹೆಸರಿನಿಂದ ವಿಳಾಸ ಬೇಕಿತ್ತು. ಅವೂ ನಿಂತವು.

ಎರಡನೆಯ ದಾರಿ? ಮುಖ್ಯ ಜಾಲದ ಜೊತೆಗೆ ಔಟ್ ಆಫ್ ಬ್ಯಾಂಡ್ ಜಾಲವೂ ಬಿದ್ದಿತ್ತೆಂದು ಆ ವಿವರಣೆಯೇ ಹೇಳುತ್ತದೆ. ಕೊನೆಗೆ ಜನರನ್ನೇ ಡೇಟಾ ಸೆಂಟರುಗಳಿಗೆ ಕಳಿಸಬೇಕಾಯಿತು. ಅಲ್ಲಿ ಇನ್ನೊಂದು ತೊಡಕು: ಒಳಹೋಗುವುದು ಕಷ್ಟ, ಒಳಹೋದ ಮೇಲೂ ಮುಟ್ಟಿ ಬದಲಿಸುವುದು ಕಷ್ಟವಾಗುವ ಹಾಗೆ ರೂಟರುಗಳನ್ನು ಭದ್ರಪಡಿಸಲಾಗಿತ್ತು. (ಯಂತ್ರದಿಂದ ಬಾಗಿಲು ಕೊಯ್ದು ಒಳನುಗ್ಗಿದರು ಎಂಬ ಕಥೆ ಆ ದಿನಗಳಲ್ಲಿ ಓಡಾಡಿತು. ಕಂಪನಿಯ ವಿವರಣೆಯಲ್ಲಿ ಅಂಥದ್ದೇನೂ ಇಲ್ಲದ ಕಾರಣ ಅದನ್ನಿಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.) ಜಾಲ ಮರಳಿದ ಮೇಲೂ ಎಲ್ಲವನ್ನೂ ಒಮ್ಮೆಗೇ ಹಚ್ಚುವಂತಿರಲಿಲ್ಲ. ಒಂದೊಂದು ಡೇಟಾ ಸೆಂಟರಿನ ವಿದ್ಯುತ್ ಬಳಕೆ ಹತ್ತಾರು ಮೆಗಾವ್ಯಾಟ್ ಇಳಿದಿತ್ತು. ಅಷ್ಟೂ ಭಾರ ಥಟ್ಟನೆ ಮೇಲೆ ಬಿದ್ದರೆ ವಿದ್ಯುತ್ ವ್ಯವಸ್ಥೆಗೇ ಅಪಾಯವಿತ್ತು. ದೊಡ್ಡ ಅನಾಹುತಗಳ ಅಣಕು ಕವಾಯತುಗಳನ್ನು ಕಂಪನಿ ಮೊದಲಿನಿಂದ ನಡೆಸಿಕೊಂಡು ಬಂದದ್ದು ಆ ಹಂತದಲ್ಲಿ ಕೈಹಿಡಿಯಿತು. ಆದರೆ ಇಡೀ ಬೆನ್ನೆಲುಬೇ ಇಲ್ಲವಾದ ಸನ್ನಿವೇಶದ ಕವಾಯತನ್ನು ಅದುವರೆಗೆ ಮಾಡಿರಲಿಲ್ಲವೆಂದೂ ಅದೇ ಬರಹ ಒಪ್ಪಿಕೊಳ್ಳುತ್ತದೆ.

ಜನಾರ್ದನ್ ಅವರ ಒಂದು ತೀರ್ಮಾನವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ದಿನದಿನದ ಬಿಗಿ ಭದ್ರತೆಗಾಗಿ ಅಪರೂಪಕ್ಕೊಮ್ಮೆ ಚೇತರಿಕೆ ತಡವಾದರೆ ಆ ವಿನಿಮಯ ತಕ್ಕದ್ದೇ ಎಂಬುದು ಅವರ ನಿಲುವು. ಭದ್ರತೆಯ ಕಾರಣಕ್ಕೆ ಒಳಹೋಗುವುದು ಕಠಿಣವಾಗಿರಬೇಕು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ದಾರಿಯ ಕಾಠಿಣ್ಯ ಬೇರೆ, ಅದರ ಅವಲಂಬನೆ ಬೇರೆ. ಏಳು ಬೀಗ ಹಾಕಿದ ಬಾಗಿಲೂ ಸ್ವತಂತ್ರವಾಗಿರಬಹುದು. ಬೀಗವೇ ಇಲ್ಲದ ಬಾಗಿಲೂ ಪರಾಧೀನವಾಗಿರಬಹುದು. ಅಂದು ರೂಟರಿನ ಮುಂದೆ ತಡವಾದದ್ದು ಕಾಠಿಣ್ಯದಿಂದ. ಅಲ್ಲಿಗೆ ಮನುಷ್ಯರನ್ನು ಕಳಿಸಲೇಬೇಕಾದದ್ದು, ಮುಖ್ಯ ಜಾಲದ ಜೊತೆಗೇ ಎರಡನೆಯದೂ ಬಿದ್ದಿದ್ದರಿಂದ. ಭದ್ರತೆಯ ಸಮರ್ಥನೆ ಕಾಠಿಣ್ಯಕ್ಕೆ ಸಲ್ಲುತ್ತದೆ, ಅವಲಂಬನೆಗಲ್ಲ.

ಒಂಬತ್ತು ತಿಂಗಳ ಬಳಿಕದ ಕೆನಡಾದ ಪ್ರಕರಣ ಇದನ್ನು ಇನ್ನೂ ನಿಚ್ಚಳವಾಗಿ ತೋರಿಸುತ್ತದೆ. 2022ರ ಜುಲೈ 8ರ ಬೆಳಗಿನ ಜಾವ 4:43ಕ್ಕೆ ರೋಜರ್ಸ್ ದೂರಸಂಪರ್ಕ ಕಂಪನಿಯ ವಿತರಣಾ ರೂಟರುಗಳಲ್ಲಿ ಒಂದು ಬದಲಾವಣೆ ಮಾಡಲಾಯಿತು. ಏಳು ಹಂತಗಳ ಉನ್ನತೀಕರಣದ ಆರನೆಯ ಹಂತ ಅದು. ಹಿಂದಿನ ಹಂತಗಳೆಲ್ಲ ಸುಸೂತ್ರವಾಗಿ ಮುಗಿದಿದ್ದವಾದ್ದರಿಂದ ಇದರ ಅಪಾಯದ ಅಂದಾಜನ್ನು ‘ಹೆಚ್ಚು’ ಎಂಬಲ್ಲಿಂದ ‘ಕಡಿಮೆ’ಗೆ ಇಳಿಸಲಾಗಿತ್ತು. ಬದಲಾವಣೆಯಲ್ಲಿ ಒಂದು ಸೋಸುಪಟ್ಟಿ ಅಳಿಸಿಹೋಯಿತು. ಅದು ತಡೆಹಿಡಿಯುತ್ತಿದ್ದ ರೂಟಿಂಗ್ ಮಾಹಿತಿಯೆಲ್ಲ ಒಳಗಿನ ಕೋರ್ ರೂಟರುಗಳ ಮೇಲೆ ನುಗ್ಗಿತು, ಎರಡು ನಿಮಿಷದಲ್ಲಿ ಕೋರ್ ಜಾಲ ಕುಸಿಯತೊಡಗಿತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಫೋನಿಲ್ಲ, ಇಂಟರ್‌ನೆಟ್ಟಿಲ್ಲ. ತುರ್ತು ಸಂಖ್ಯೆ 911ಕ್ಕೆ ಹಲವರ ಕರೆ ಹೋಗಲಿಲ್ಲ. ಇಂಟರ್ಯಾಕ್ ಡೆಬಿಟ್ ಪಾವತಿ ನಿಂತು ಅಂಗಡಿಗಳು ನಗದು ಕೇಳತೊಡಗಿದವು.

ಈ ಟಿಪ್ಪಣಿಗೆ ಬೇಕಾದ ಭಾಗ ಮುಂದಿನದು. ಅಲ್ಲಿನ ನಿಯಂತ್ರಕ ಸಂಸ್ಥೆ ಸಿಆರ್‌ಟಿಸಿ ಪರಿಶೀಲನೆಗೆ ನೇಮಿಸಿದ ಕ್ಸೋನಾ ಪಾರ್ಟ್ನರ್ಸ್ ವರದಿಯ ಪ್ರಕಾರ, ರೂಟರುಗಳನ್ನು ನಿರ್ವಹಿಸುವ ಜಾಲವೂ ಅದೇ ಕೋರ್ ಜಾಲವನ್ನು ಅವಲಂಬಿಸಿತ್ತು. ಕೋರ್ ಬಿದ್ದಾಗ ಕೋರನ್ನು ಎತ್ತುವ ದಾರಿಯೂ ಬಿತ್ತು. ರೂಟರುಗಳ ದಾಖಲೆಗಳು ಕೈಗೆ ಸಿಕ್ಕಿ ಮೂಲ ಕಾರಣ ತಿಳಿಯುವಷ್ಟರಲ್ಲಿ ಹದಿನಾಲ್ಕು ಗಂಟೆ ಉರುಳಿದ್ದವು. ಅದಕ್ಕೂ ಹೆಚ್ಚಿನ ಕಷ್ಟವೆಂದರೆ, ರೋಜರ್ಸ್ ಸಿಬ್ಬಂದಿಯ ಫೋನುಗಳಲ್ಲಿದ್ದದ್ದು ರೋಜರ್ಸ್ ಸಿಮ್ಮು. ದುರಸ್ತಿ ಮಾಡಬೇಕಾದವರಿಗೆ ಒಬ್ಬರನ್ನೊಬ್ಬರು ಕರೆಯಲೂ ದಾರಿಯಿರಲಿಲ್ಲ. ಬೇರೆ ಕಂಪನಿಗಳ ತುರ್ತು ಸಿಮ್ಮುಗಳನ್ನು ಹಾಕಿಕೊಂಡು ಮಾತು ಶುರುಮಾಡಬೇಕಾಯಿತು. ತಂತ್ರಜ್ಞರು ಬಿಡಿಸುವ ಜಾಲದ ನಕ್ಷೆಗಳಲ್ಲಿ ಮನುಷ್ಯನ ಜೇಬಿನ ಸಿಮ್ ಕಾಣಿಸುವುದಿಲ್ಲ. ಕಾಣಿಸಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

ಗೂಗಲ್‌ನ 2019ರ ಜೂನ್ 2ರ ಪ್ರಕರಣ ಸಣ್ಣದು, ಆದರೆ ಬೇರೆ ಬಗೆಯದು. ನಿರ್ವಹಣೆಯ ಸ್ವಯಂಚಾಲಿತ ಕೆಲಸವೊಂದು ಹಲವು ಕಡೆಗಳಲ್ಲಿ ಜಾಲದ ನಿಯಂತ್ರಣ ಸಾಫ್ಟ್‌ವೇರನ್ನು ಒಟ್ಟಿಗೆ ನಿಲ್ಲಿಸಿಬಿಟ್ಟಿತು. ಜಾಲ ಸಾಯಲಿಲ್ಲ, ಕಿಕ್ಕಿರಿಯಿತು. ಎಂಜಿನಿಯರುಗಳಿಗೆ ತೊಂದರೆ ಗೊತ್ತಾಯಿತು, ಆದರೆ ತನಿಖೆಗೆ ಬಳಸುವ ಸಾಧನಗಳೂ ಅದೇ ಕಿಕ್ಕಿರಿದ ಜಾಲದಲ್ಲಿ ಗ್ರಾಹಕರ ದಟ್ಟಣೆಯೊಂದಿಗೆ ಜಾಗಕ್ಕೆ ಪೈಪೋಟಿ ಮಾಡಬೇಕಿತ್ತು. ಇಲ್ಲಿ ದಾರಿ ಮುಚ್ಚಿರಲಿಲ್ಲ, ನುಸುಳಲು ಆಗುತ್ತಿರಲಿಲ್ಲ.

ನಾಲ್ಕನೆಯದು 2024ರ ಜುಲೈ 19ರ ಕ್ರೌಡ್‌ಸ್ಟ್ರೈಕ್ ಪ್ರಕರಣ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9:39ಕ್ಕೆ ಈ ಭದ್ರತಾ ಕಂಪನಿಯಿಂದ ಹೊರಬಿದ್ದ ದೋಷಪೂರಿತ ಕಡತವನ್ನು 10:57ಕ್ಕೆ ಹಿಂತೆಗೆದುಕೊಳ್ಳಲಾಯಿತು. ಅಷ್ಟರೊಳಗೆ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದಿದ್ದವು. ಬೆಂಗಳೂರೂ ಸೇರಿ ದೇಶದ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಕೆಲಸ ಕೈಬರಹಕ್ಕೆ ಇಳಿಯಿತು. ಪರಿಹಾರ ಸರಳ: ಸೇಫ್ ಮೋಡಿನಲ್ಲಿ ಎಬ್ಬಿಸಿ ಒಂದು ಫೈಲ್ ಅಳಿಸುವುದು. ಆದರೆ ವಿಂಡೋಸ್ ಏಳುವ ಮೊದಲೇ ಸಾಯುತ್ತಿದ್ದುದರಿಂದ ಮೊದಲನೆಯ ದಾರಿಯಿಂದ ಇದನ್ನು ಮಾಡುವಂತಿರಲಿಲ್ಲ. ಬಿಎಂಸಿ ಇದ್ದ ಸರ್ವರುಗಳನ್ನು ದೂರದಿಂದಲೇ ಎಬ್ಬಿಸಬಹುದಿತ್ತು. ಕ್ಲೌಡಿನ ವರ್ಚುವಲ್ ಯಂತ್ರಗಳ ಡಿಸ್ಕನ್ನು ಕಳಚಿ ಇನ್ನೊಂದಕ್ಕೆ ಜೋಡಿಸಿ ಫೈಲ್ ಅಳಿಸಬಹುದಿತ್ತು. ಇವೆರಡೂ ಇಲ್ಲದ ಕೌಂಟರಿನ ಕಂಪ್ಯೂಟರುಗಳ ಬಳಿಗೆ ಮನುಷ್ಯನೇ ನಡೆದು ಹೋಗಬೇಕಿತ್ತು. ಹೋದಮೇಲೆ, ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ಕೀಲಿ ಬೇಕು. ಕೆಲವು ಸಂಸ್ಥೆಗಳಲ್ಲಿ ಆ ಕೀಲಿಗಳಿದ್ದದ್ದು ವಿಂಡೋಸ್ ಸರ್ವರಿನಲ್ಲಿ, ಅದೂ ಬಿದ್ದಿತ್ತು.

ಸ್ವಾತಂತ್ರ್ಯದ ಇನ್ನೊಂದು ಮುಖ

ಇಷ್ಟನ್ನು ಓದಿದವರು ಎರಡನೆಯ ದಾರಿಯನ್ನು ಎಲ್ಲದರಿಂದಲೂ ಬಿಡಿಸಿ ನಿಲ್ಲಿಸಿದರೆ ಆಯಿತಲ್ಲ ಎನ್ನಬಹುದು. ಬಿಎಂಸಿಯ ಇತಿಹಾಸ ಹಾಗೆ ಹೇಳಲು ಬಿಡುವುದಿಲ್ಲ. ಮುಖ್ಯ ಯಂತ್ರದಿಂದ ಸ್ವತಂತ್ರವಾದದ್ದು ಮುಖ್ಯ ಯಂತ್ರದ ಕಾವಲಿನಿಂದಲೂ ಸ್ವತಂತ್ರ. ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಎಷ್ಟೇ ಒಳ್ಳೆಯ ರಕ್ಷಣಾ ಸಾಫ್ಟ್‌ವೇರ್ ಇದ್ದರೂ ಅದರ ಕಣ್ಣು ಬಿಎಂಸಿಯೊಳಗೆ ಹೋಗದು.

ಐಪಿಎಂಐ ಎರಡನೆಯ ಆವೃತ್ತಿಯ ಲಾಗಿನ್ ವಿಧಾನದಲ್ಲೇ ಒಂದು ವಿಚಿತ್ರವಿದೆ. ಕೇಳಿದವನು ಯಾರೆಂದು ಖಚಿತವಾಗುವ ಮೊದಲೇ ಬಿಎಂಸಿ ಪಾಸ್‌ವರ್ಡಿನಿಂದ ಹುಟ್ಟಿದ ಹ್ಯಾಶನ್ನು ಅವನಿಗೆ ಕೊಟ್ಟುಬಿಡುತ್ತದೆ. ಅವನು ಅದನ್ನು ಮನೆಗೊಯ್ದು ಬಿಡುವಾಗಿ ಕುಳಿತು ಒಡೆಯಬಹುದು. ಇದು ಯಾವುದೋ ಕಂಪನಿಯ ಕೈತಪ್ಪಲ್ಲ, ಮಾನಕವೇ ಹಾಗೆ. ಭದ್ರತಾ ಸಂಶೋಧಕ ಡ್ಯಾನ್ ಫಾರ್ಮರ್ 2013ರಲ್ಲಿ ಇದನ್ನು ಎತ್ತಿ ತೋರಿಸಿದ ವರ್ಷವೇ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಇಂಟರ್‌ನೆಟ್ಟಿಗೆ ನೇರವಾಗಿ ತೆರೆದುಕೊಂಡ ಐಪಿಎಂಐ ಸರ್ವರುಗಳು ಕನಿಷ್ಠ ಒಂದು ಲಕ್ಷ ಇವೆಯೆಂದು ಎಣಿಸಿದರು. ಮರುವರ್ಷ ಜೂನ್‌ನಲ್ಲಿ ಸೂಪರ್‌ಮೈಕ್ರೋ ಬೋರ್ಡುಗಳ ಒಂದು ದೋಷ ಹೊರಬಂತು: 49152ನೆಯ ಪೋರ್ಟಿನಲ್ಲಿ ಕೇಳಿದರೆ ಪಾಸ್‌ವರ್ಡಿನ ಕಡತವನ್ನೇ ಓದಲು ಕೊಡುತ್ತಿದ್ದ 31,964 ಯಂತ್ರಗಳು ಆಗ ಸಿಕ್ಕಿದವು.

ದುರ್ಬಳಕೆಯೂ ನಡೆಯಿತು. 2018ರ ಕೊನೆಯಲ್ಲಿ ವರದಿಯಾದ ಜಂಗಲ್‌ಸೆಕ್ ರಾನ್ಸಂವೇರ್ ಐಪಿಎಂಐ ಮೂಲಕ ಒಳಬಂದು, ಸರ್ವರನ್ನು ರೀಬೂಟ್ ಮಾಡಿ, ಸಿಂಗಲ್ ಯೂಸರ್ ಮೋಡಿನಲ್ಲಿ ರೂಟ್ ಅಧಿಕಾರ ಪಡೆದು ಫೈಲುಗಳಿಗೆ ಬೀಗ ಹಾಕುತ್ತಿತ್ತು. ಅಡ್ಮಿನ್ ಆಪತ್ತಿನಲ್ಲಿ ಮಾಡುವ ಕೆಲಸವೇ ಇದು, ಹೆಜ್ಜೆ ಹೆಜ್ಜೆಗೂ. 2021ರ ಡಿಸೆಂಬರಿನಲ್ಲಿ ಇರಾನಿನ ಅಮ್ನ್‌ಪರ್ದಾಜ್ ಎಂಬ ಭದ್ರತಾ ಸಂಸ್ಥೆ ಎಚ್‌ಪಿಇ ಐಲೊ ಒಳಗೆ ಮನೆಮಾಡಿದ್ದ ರೂಟ್‌ಕಿಟ್ ಒಂದನ್ನು ಪ್ರಕಟಿಸಿತು. ಅದು ಡಿಸ್ಕುಗಳನ್ನು ಅಳಿಸುತ್ತಿತ್ತು. ಫರ್ಮ್‌ವೇರ್ ನವೀಕರಿಸಲು ಹೋದರೆ ನವೀಕರಣ ಆದಂತೆ ನಟಿಸಿ ತಾನು ಹಾಗೇ ಉಳಿಯುತ್ತಿತ್ತು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ 2023ರ ಜೂನ್‌ನಲ್ಲಿ, ಇಂಟರ್‌ನೆಟ್ಟಿಗೆ ತೆರೆದುಕೊಂಡ ಇಂಥ ನಿರ್ವಹಣಾ ಬಾಗಿಲುಗಳನ್ನು ಪತ್ತೆಯಾದ 14 ದಿನದೊಳಗೆ ಮುಚ್ಚಬೇಕು ಅಥವಾ ಅವುಗಳ ಮುಂದೆ ಕಾವಲಿಡಬೇಕು ಎಂದು ಸರ್ಕಾರಿ ಇಲಾಖೆಗಳಿಗೆ ಆದೇಶಿಸಿತು. 2025ರ ಜೂನ್‌ನಲ್ಲಿ, ದಾಳಿಕೋರರು ಬಳಸುತ್ತಿರುವುದು ಖಚಿತವಾದ ದೋಷಗಳ ತನ್ನ ಪಟ್ಟಿಗೆ ಮೊದಲ ಬಾರಿಗೆ ಒಂದು ಬಿಎಂಸಿ ದೋಷವನ್ನು ಸೇರಿಸಿತು. ಅದು ಹಲವು ಕಂಪನಿಗಳ ಸರ್ವರುಗಳಲ್ಲಿ ಬಳಕೆಯಾಗುವ ಎಎಂಐ ಮೆಗಾರಾಕ್ ಫರ್ಮ್‌ವೇರಿನದು.

ಇದರಿಂದ ಬೆದರಿ ಭದ್ರತಾ ವಿಭಾಗದವರು ಮಾಡುವುದೇನು? ಬಿಎಂಸಿಯನ್ನು ವಿಪಿಎನ್ ಹಿಂದೆ ಇಡುತ್ತಾರೆ, ಅದರ ಲಾಗಿನ್ನನ್ನು ಸಂಸ್ಥೆಯ ಕೇಂದ್ರ ಗುರುತಿನ ವ್ಯವಸ್ಥೆಗೆ ಜೋಡಿಸುತ್ತಾರೆ, ಫೋನಿಗೆ ಬರುವ ಒಟಿಪಿ ಕೇಳುತ್ತಾರೆ. ಒಂದೊಂದೂ ಸರಿಯಾದ ಕ್ರಮವೇ. ಆದರೆ ವಿಪಿಎನ್ ಓಡುವುದು ಅದೇ ಡೇಟಾ ಸೆಂಟರಿನಲ್ಲಾದರೆ, ಗುರುತಿನ ಸರ್ವರ್ ಅದೇ ಜಾಲದಲ್ಲಿದ್ದರೆ, ಮೇಲೆ ಹೇಳಿದ ನಾಲ್ಕೂ ಪ್ರಕರಣಗಳ ನೆಚ್ಚಿಕೆ ಭದ್ರತೆಯ ವೇಷದಲ್ಲಿ ಮರಳಿ ಬಂತೆಂದೇ ಅರ್ಥ. ತುರ್ತಿಗೆಂದು ಬಿಎಂಸಿಯಲ್ಲೇ ಉಳಿಸಿಕೊಂಡ ಒಂದು ಸ್ಥಳೀಯ ಖಾತೆ, ಅದರ ಉದ್ದನೆಯ ಪಾಸ್‌ವರ್ಡ್ ಬರೆದು ಮೊಹರು ಹಾಕಿ ತಿಜೋರಿಯಲ್ಲಿಟ್ಟ ಲಕೋಟೆ, ಹೆಸರಿನ ಬದಲು ಅಂಕಿಯಲ್ಲೇ ಬರೆದ ಐಪಿ ವಿಳಾಸಗಳ ಕಾಗದ, ಇನ್ನೊಂದು ಕಂಪನಿಯ ಸಿಮ್ ಹಾಕಿದ 4ಜಿ ರೂಟರು: ಇವು ಹಳೆಯ ಕಾಲದವೆನಿಸಿದರೂ ಕಾಠಿಣ್ಯ ಬಿಡದೆ ಅವಲಂಬನೆ ಕಡಿಯುವುದು ಇವುಗಳಿಂದಲೇ.

ಮನುಷ್ಯನ ಕೈ ತಾಗದಿದ್ದರೆ ಸರ್ವರುಗಳು ಹೆಚ್ಚು ಬಾಳುತ್ತವೆಯೋ ಎಂಬ ಕುತೂಹಲದ ಪ್ರಶ್ನೆಗೆ ಮೈಕ್ರೋಸಾಫ್ಟ್‌ನ ‘ನ್ಯಾಟಿಕ್’ ಪ್ರಯೋಗ ಒಂದು ಉತ್ತರ ಕೊಟ್ಟಿದೆ. 2018ರಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಬಳಿ 864 ಸರ್ವರುಗಳನ್ನು ನೈಟ್ರೋಜನ್ ತುಂಬಿದ ಉಕ್ಕಿನ ಕೊಳವೆಯಲ್ಲಿಟ್ಟು ಸಮುದ್ರತಳಕ್ಕೆ ಇಳಿಸಿದ್ದರು. ಎರಡು ವರ್ಷ ಯಾರೂ ಮುಟ್ಟುವಂತಿರಲಿಲ್ಲ. ಎತ್ತಿ ನೋಡಿದಾಗ ಕೆಟ್ಟವುಗಳ ಪ್ರಮಾಣ ನೆಲದ ಮೇಲಿನದರ ಎಂಟನೇ ಒಂದು ಭಾಗದಷ್ಟಿತ್ತು. ಆಮ್ಲಜನಕ ಇಲ್ಲದ್ದೂ ಮನುಷ್ಯರ ಓಡಾಟ ಇಲ್ಲದ್ದೂ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದರು. ಹಾರ್ಡ್‌ವೇರಿನ ಮಟ್ಟಿಗೆ ಇದು ಸಮಾಧಾನದ ಸುದ್ದಿ. ಆದರೆ ಮೇಲಿನ ನಾಲ್ಕು ಸ್ಥಗಿತಗಳಲ್ಲಿ ಒಂದೂ ಹಾರ್ಡ್‌ವೇರ್ ಕೆಟ್ಟು ಆದದ್ದಲ್ಲ. ನಾಲ್ಕೂ ದೂರದಿಂದ ಕಳಿಸಿದ ಬದಲಾವಣೆಗಳ ಫಲ.

ಪರೀಕ್ಷೆಯ ವಿಧಾನದ ಬಗ್ಗೆ ಒಂದು ಮಾತು. ಬಿಎಂಸಿಗೆ ಪಿಂಗ್ ಕಳಿಸಿ ಉತ್ತರ ಬಂದರೆ ಎರಡನೆಯ ದಾರಿ ಸರಿಯಿದೆ ಎಂದು ಬರೆದುಕೊಳ್ಳುವುದು ವಾಡಿಕೆ. ಮೊದಲನೆಯ ದಾರಿ ಆರೋಗ್ಯವಾಗಿರುವಾಗ ಮಾಡಿದ ಈ ಪರೀಕ್ಷೆ ಅವಲಂಬನೆಯ ಬಗ್ಗೆ ಏನನ್ನೂ ಹೇಳದು, ಏಕೆಂದರೆ ಆ ಪಿಂಗ್ ಮೊದಲನೆಯ ದಾರಿಯ ಹೆಗಲ ಮೇಲೆ ಹತ್ತಿ ಹೋಗಿರಬಹುದು. ಒಂದು ನಿಗದಿತ ರಾತ್ರಿ, ಒಂದು ರ‍್ಯಾಕಿನ ಮಟ್ಟಿಗಾದರೂ, ಮುಖ್ಯ ಜಾಲವನ್ನೂ ಡಿಎನ್‌ಎಸ್ಸನ್ನೂ ಕೇಂದ್ರ ಲಾಗಿನ್ನನ್ನೂ ಬೇಕೆಂದೇ ಕಡಿದು, ಆಫೀಸಿನ ವೈಫೈ ಬಿಟ್ಟು ಕನ್ಸೋಲ್ ತಲುಪಲು ಯತ್ನಿಸಿದರೆ ಮಾತ್ರ ಉತ್ತರ ಸಿಗುತ್ತದೆ. ಬೆಂಗಳೂರಿನ ಪಾಳಿಯವರು ಪರದೇಶದ ಗ್ರಾಹಕರಿಂದ ಇಂಥ ಪರೀಕ್ಷೆಗೆ ಒಪ್ಪಿಗೆ ಪಡೆಯುವುದು ಸುಲಭವಲ್ಲ. ಒಪ್ಪಂದದಲ್ಲಿ ಸೇವೆ ನಿಲ್ಲದ ನಿಮಿಷಗಳ ಲೆಕ್ಕವಿರುತ್ತದೆ, ಎರಡನೆಯ ದಾರಿಯ ಪರೀಕ್ಷೆಗೆ ಸಾಲು ಇರುವುದು ಅಪರೂಪ.

ಕೆನಡಾದಲ್ಲಿ ಸರ್ಕಾರದ ಒತ್ತಡದ ಮೇಲೆ ದೂರಸಂಪರ್ಕ ಕಂಪನಿಗಳು 2022ರ ಸೆಪ್ಟೆಂಬರಿನಲ್ಲಿ ಪರಸ್ಪರ ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರ ಜಾಲ ಬಿದ್ದರೆ ಉಳಿದವರು ತುರ್ತು ರೋಮಿಂಗ್ ಕೊಡಬೇಕು, ದುರಸ್ತಿಗೆ ನೆರವಾಗಬೇಕು. ರೋಜರ್ಸ್ ಕೂಡ ತನ್ನ ನಿರ್ವಹಣಾ ಜಾಲವನ್ನು ಕೋರ್ ಜಾಲದಿಂದ ಬೇರ್ಪಡಿಸುವ ಕೆಲಸಕ್ಕೆ ಕೈಹಾಕಿತು. ಅಷ್ಟು ದೊಡ್ಡ ಕಂಪನಿಗೆ ಎರಡನೆಯ ದಾರಿ ಎಂದರೆ ಕೊನೆಗೆ ಪ್ರತಿಸ್ಪರ್ಧಿಯ ಜಾಲವೇ ಆಯಿತು. ನಮ್ಮಲ್ಲಿ ಎರಡು ಬೇರೆ ಕಂಪನಿಗಳ ಸಿಮ್ ಒಂದೇ ಫೋನಿನಲ್ಲಿರುವುದು ಸಾಮಾನ್ಯವಾದ್ದರಿಂದ ಆ ಪದರ ಅಯಾಚಿತವಾಗಿಯೇ ಸ್ವಲ್ಪ ಗಟ್ಟಿಯಾಗಿದೆ. ಒಟಿಪಿ ಬರುವ ಸಂಖ್ಯೆ ಅವುಗಳಲ್ಲಿ ಯಾವುದು ಎಂಬುದನ್ನು ಆಪತ್ತು ಯೋಜನೆಯಲ್ಲಿ ಬರೆದಿಡುವ ಕೆಲಸ ಸಂಸ್ಥೆಗಳದು.